ಆನೆಯ ಹಾಡು ಮತ್ತು ನನ್ನ ವಾರ್ತೆ

ಪಣಜಿಯ ನಮ್ಮ ಕನ್ನಡಿಗರ ಸಂಘದ ಮಕ್ಕಳ ಕಾರ್ಯಕ್ರಮಕ್ಕೆ ಹಾಡು ಒದಗಿಸುವ ಘನ ಜವಾಬ್ದಾರಿಯನ್ನು ನಾನಾಗಿಯೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ! 2005ರ ಹೊತ್ತಿಗೆ ಎಲ್ಲರ ಮನೆಗೂ ಸಿ.ಡಿ. ಬಂದಿತ್ತು. ಆದರೆ ನನಗೆ ಧಾರವಾಡದಿಂದ ತಂದ ಟ್ರಂಕಿನ ತಳದಲ್ಲಿ, ನಾನು ಹತ್ತು ವರ್ಷದವನಿದ್ದಾಗ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಮಕ್ಕಳ ಹಾಡಿನ ಕ್ಯಾಸೆಟ್ ಸಿಕ್ಕಿಬಿಟ್ಟಿತ್ತು. ಅದರಲ್ಲಿನ ಆನೆಯ ಹಾಡಿಗೆ ನನ್ನ ಮಗಳೂ ಅವಳ ಐವರು ಗೆಳತಿಯರೂ ಕುಣಿಯತಕ್ಕದ್ದೆಂದು ಆಜ್ಞೆ ಹೊರಡಿಸಿದೆ.

"ಒಮ್ಮೆ ಪೂರ್ತಿ ಹಚ್ಚಿ ಕೇಳ್ರಿ," ಎಂದಳು ಹೆಂಡತಿ ಸುಮಾ.

"ಹಳೇ ಟೇಪು. ಭಾಳ ಹಚ್ಚಿದ್ರ ಸವೀತದ," ಎಂದೆ.

ಮೊದಲ ಚರಣವಷ್ಟೇ ಕೇಳಿ ಕಣ್ಣು ಒರೆಸಿಕೊಂಡೆ. ತಾಲೀಮೆಲ್ಲ ನನ್ನ ಚಪ್ಪಾಳೆಯ ಮೇಲೆಯೇ ನಡೆಯಿತು. ಕ್ಯಾಸೆಟ್ಟಿನ ಮೂಲೆಯ ತೂತಿಗೆ ಕಾಗದ ತುರುಕಿದ್ದು ಕಣ್ಣಿಗೆ ಬಿತ್ತು. ಹಾಡಿನ ಮೇಲೆ ನಮ್ಮ ದನಿ ತುಂಬಬೇಕಾದರೆ ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯವದು. ನನಗೆ ಮಾತ್ರ, ಧೂಳು ಹೋಗದಿರಲೆಂದು ಅವ್ವ ವಹಿಸಿದ ಕಾಳಜಿ ಎನಿಸಿತು.

ಕಾರ್ಯಕ್ರಮದ ಸಂಜೆ ಸಭಾಗೃಹ ತುಂಬಿತ್ತು. ಬಂದರಿನಲ್ಲಿ ಕೆಲಸ ಮಾಡುವ ಭಾವನ ಜೊತೆ ಅಕ್ಕ ವಾಸ್ಕೋದಿಂದ ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದಳು. ಪಾಪ, ಅವಳಿಗೊಂದು ಹಳೆಯ ಕಳಂಕವಿತ್ತು. ಚಿಕ್ಕಂದಿನ ಒಂದು ದೀಪಾವಳಿಯಲ್ಲಿ, ದೇವರಿಗೆ ಎಡೆ ಹಿಡಿಯುವ ಮೊದಲೇ ಡಬ್ಬಿಯಲ್ಲಿದ್ದ ಬೇಸನ್ ಉಂಡಿ ಖಾಲಿಯಾಗಿ, ಕಳ್ಳಿ ಎಂದು ಅವಳು ಪೆಟ್ಟು ತಿಂದಿದ್ದಳು. ಅಂದಿನಿಂದ ಅವ್ವನಿಗೆ ಅವಳ ಮೇಲೆ ಗುಮಾನಿ. ಆ ಸಂಜೆಯವರೆಗೂ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದ ಉಂಡಿಯ ಡಬ್ಬಿ ನಂಬಿಗಸ್ಥ ಮಗನಾದ ನನ್ನ ಹೆಸರಿಗೇ! ಅಕ್ಕನ ಪಾಲನ್ನು ನಾನು ತೆಗೆದುಕೊಡುತ್ತಿದ್ದೆ.

ಹಾಡು ಶುರುವಾಯಿತು. ಆರು ಆನೆಗಳು ಸೊಂಡಿಲು ಬೀಸಿದವು. ನಾನು ಎದೆಯುಬ್ಬಿಸಿ ಟೇಪ್ ರೆಕಾರ್ಡರಿನ ಪಕ್ಕ ನಿಂತೆ. ಎರಡನೆಯ ಚರಣದಲ್ಲಿ 'ಖಟ್' ಎಂದಿತು. ಟೇಪಿನೊಳಗೆ ಹುಡುಗನೊಬ್ಬ ರೇಡಿಯೋದವರಂತೆ ಗಂಟಲು ಸರಿಮಾಡಿಕೊಂಡ.

"ವಾರ್ತೆಗಳು. ಓದುತ್ತಿರುವವರು ಗುರುರಾಜ. ಉಂಡಿ ತಿಂದಾಂವ ನಾನ. ಹೊಡತ ತಿಂದಾಕಿ ಅಕ್ಕ. ಅವ್ವಗ ಇನ್ನೂ ಗೊತ್ತಾಗಿಲ್ಲ. ವಾರ್ತೆಗಳು ಮುಗಿದವು."

ಗುರುರಾಜ ಎಂದರೆ ನಾನೇ! ನಿಲ್ಲಿಸಲು ಹೋಗಿ, ಗಾಬರಿಯಲ್ಲಿ ಹಿಂದಕ್ಕೆ ಓಡಿಸುವ ಗುಂಡಿ ಒತ್ತಿದೆ. ವಾರ್ತೆಗಳು ಎರಡನೆಯ ಬಾರಿ ಪ್ರಸಾರವಾದವು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಆನೆಗಳು ಪಾಪ, ಸೊಂಡಿಲು ಬೀಸುತ್ತಲೇ ಇದ್ದವು.

ಅಕ್ಕ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಆನೆಯ ಹಾಡಿನ ಸಾಲುಸಾಲೂ ನೆನಪಿಟ್ಟುಕೊಂಡಿದ್ದ ನಾನು ಇದೊಂದನ್ನು ಎಷ್ಟು ಸಲೀಸಾಗಿ ಮರೆತಿದ್ದೆ! ನಿಜಕ್ಕೂ ನಾಚಿಕೆಯಾಯಿತು. ಅವಳು ನೇರ ನನ್ನ ಹತ್ತಿರ ಬಂದು ಕೈ ಚಾಚಿದಳು.

"ಕ್ಯಾಸೆಟ್ ಇಲ್ಲಿ ಕೊಡು. ಮದಲ ಅವ್ವಗ ಫೋನ್ ಹಚ್ಚು."

ಅವ್ವ ಫೋನಿನಲ್ಲೇ ವಾರ್ತೆಗಳನ್ನು ಪೂರ್ತಿ ಕೇಳಿ, ಫೋನು ಅಕ್ಕನಿಗೆ ಕೊಡು ಎಂದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಆ ದೀಪಾವಳಿಗೆ ಡಬ್ಬಿ ವಾಸ್ಕೋಗೆ ಹೋಯಿತು. ನನ್ನ ಪಾಲನ್ನು ಈಗ ಅಕ್ಕ ತೆಗೆದುಕೊಡುತ್ತಾಳೆ.

ಕ್ಯಾಸೆಟ್ಟೂ ಅವಳಲ್ಲಿಯೇ ಇದೆ. ಊರಿನಿಂದ ಯಾರೇ ಬರಲಿ, ಚಹಾದ ಜೊತೆ ವಾರ್ತೆ ಹಚ್ಚುತ್ತಾಳೆ. ಹಳೆಯ ಟೇಪು, ಬಹಳ ಹಚ್ಚಿದರೆ ಸವೆಯುತ್ತದೆ ಎಂದಿದ್ದೆನಲ್ಲ? ಏಳು ವರ್ಷದಿಂದ ಕಾಯುತ್ತಿದ್ದೇನೆ. ಸವೆದಿಲ್ಲ!