ಸ್ಟೇಶನ್ ಸೇರದ ನಾಲ್ಕು ನಂಬರ್

ಬಿಂದುಮಾಧವ ಆ ದಿನ ಐದು ಗಂಟೆಗೆ ಮನೆಯಲ್ಲಿರಬೇಕಿತ್ತು. ಮಗಳು ಮೃದುಲಾಳನ್ನು ನೋಡಲು ಬೆಳಗಾವಿಯವರು ಬರುವವರಿದ್ದರು. ಹಿಂದೆ ಎರಡು ಸಲ ಗಂಡಿನವರು ಬಂದಾಗಲೂ ಈತ ಡ್ಯೂಟಿಯಲ್ಲಿ ಸಿಕ್ಕಿಬಿದ್ದಿದ್ದ. ಹುಡುಗಿಯ ಅಪ್ಪನಿಗೇ ಪುರಸೊತ್ತಿಲ್ಲದ ಮನೆ ಎಂದುಕೊಂಡು ಅವರು ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು. ಬೆಳಿಗ್ಗೆ ಡಬ್ಬಿ ಕೊಡುವಾಗ ಹೆಂಡತಿ ಕಲಾವತಿ ಹೇಳಿದ್ದಳು: “ಈ ಸಲನೂ ನೀವು ಬರಲಿಲ್ಲ ಅಂದ್ರ ನಾನೂ ಮಗಳೂ ಆ ಮಂದಿ ಹಿಂದನ ರೈಲು ಹತ್ತೇವಿ. ಆಮ್ಯಾಲ ನಿಮ್ಮ ರೇಡಿಯೋದ ಜೋಡಿ ಸಂಸಾರ ಮಾಡ್ರಿ.”

ಆತ ನಾಗಪುರದ ಅಗ್ನಿದಳದ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಆಪರೇಟರ್. ಕೆಲಸ ಹೇಳಲಿಕ್ಕೆ ಸುಲಭ. ಬೆಂಕಿ ಆರಿಸಲು ಹೊರಟ ಗಾಡಿ ರೇಡಿಯೋದಲ್ಲಿ ನಾಲ್ಕು ಮಾತು ಹೇಳಬೇಕು: ಬಿಟ್ಟೆ, ಮುಟ್ಟಿದೆ, ಮುಗಿಯಿತು, ಸೇರಿದೆ. ಸ್ಟೇಶನ್ ಬಿಟ್ಟೆ ಎಂದ ಗಾಡಿಯ ತಗಡಿನ ಬಿಲ್ಲೆ ಗೋಡೆಯ ಹಲಗೆಯಲ್ಲಿ ಕೆಂಪು ಬದಿಗೆ ಹೋಗುತ್ತದೆ. ತಿರುಗಿ ಸ್ಟೇಶನ್ ಸೇರಿದೆ ಎಂದ ಮೇಲೆ ಹಸಿರು ಬದಿಗೆ. ಕೆಂಪು ಬದಿಯಲ್ಲಿ ಒಂದು ಬಿಲ್ಲೆ ಉಳಿದರೂ ಆಪರೇಟರ್ ಕುರ್ಚಿ ಬಿಡುವಂತಿಲ್ಲ. ಹಿಂದಿನ ಎರಡು ಸಂಬಂಧಗಳೂ ಆ ಕೆಂಪು ಬದಿಗೇ ನೇತಾಡಿ ಸತ್ತಿದ್ದವು.

ಅಂದು ಮಾತ್ರ ಬಿಲ್ಲೆಗಳೆಲ್ಲ ಹಸಿರಿನಲ್ಲಿದ್ದವು. ಮೇ ತಿಂಗಳ ನಡುಮಧ್ಯಾಹ್ನ. ಊರು ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕೂಲರಿನ ಗೊರಗೊರ ಸದ್ದಿಗೆ ಬಿಂದುಮಾಧವನ ರೆಪ್ಪೆ ಕೂಡುತ್ತಿದ್ದಾಗ ರೇಡಿಯೋ ಕರಕರ ಎಂದಿತು.

“ಕಂಟ್ರೋಲ್, ನಾಲ್ಕು ನಂಬರ್. ಕಳಮನಾ ಕೆಲಸ ಮುಗೀತು. ವಾಪಸ್ ಹೊಂಟೀನ್ರಿ ಸಾಹೇಬ್ರ.”

“ಬರೋಬರ್,” ಎಂದು ‘ಸರಿ, ಕೇಳಿಸಿತು’ ಎನ್ನುವ ರೂಢಿಯ ಉತ್ತರ ಕೊಟ್ಟು, ಬಿಲ್ಲೆಯನ್ನು ಕೆಂಪು ಬದಿಗೆ ಹಾಕಲು ಕೈ ಚಾಚಿದ. ನಾಲ್ಕನೆಯ ಮೊಳೆ ಖಾಲಿ. ಚಾಚಿದ ಕೈ ಅಲ್ಲೇ ನಿಂತಿತು.

ನಾಲ್ಕು ನಂಬರ್ ಗಾಡಿ ಗುಜರಿಗೆ ಹೋಗಿ ತಿಂಗಳುಗಳಾಗಿದ್ದವು. ಮಾತಾಡಿದ ದನಿ ಅದರ ಡ್ರೈವರ್, ಬಿಳಿ ಮೀಸೆಯ ರುದ್ರಪ್ಪನದು. ಎಲ್ಲರೂ ಹಿಂದಿಯಲ್ಲಿ ರಿಪೋರ್ಟ್ ಕೊಟ್ಟರೂ ಆತ ಮಾತ್ರ ಬಿಂದುಮಾಧವನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ. ಕಳೆದ ಚಳಿಗಾಲದಲ್ಲಿ ಕಳಮನಾ ಮಾರ್ಕೆಟ್ಟಿನ ಮೆಣಸಿನಕಾಯಿ ಗೋದಾಮಿನ ಬೆಂಕಿ ಆರಿಸಿ ಬರುವಾಗ, ಗಾಡಿಯನ್ನು ನೀಟಾಗಿ ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆಯಿಟ್ಟು ತೀರಿಕೊಂಡಿದ್ದ. ‘ಮುಗಿಯಿತು’ ಎಂದು ಹೇಳಿದ್ದ. ‘ಸೇರಿದೆ’ ಎಂಬುದು ಬಾಕಿ ಉಳಿದಿತ್ತು.

“ಅಗಬಾಯಿ!” ಎಂದಳು ಟೆಲಿಫೋನ್ ನೋಡಿಕೊಳ್ಳುವ ಮರಾಠಿಯ ವಸುಧಾ. “ಇದು ರುದ್ರಪ್ಪಾಂಚಾ ದನಿ ಅಲ್ವಾ?”

ಆಗ ಮತ್ತೆ ಬಂತು. “ಕಂಟ್ರೋಲ್, ಇತವಾರಿ ದಾಟೀನಿ. ಘಂಟಿ ಹೊಡದ್ರೂ ಯಾರೂ ಹೊಳ್ಳಿ ನೋಡವಲ್ರು.”

ಕೋಣೆಯೊಳಗೆ ಸುಟ್ಟ ಮೆಣಸಿನಕಾಯಿಯ ಘಾಟು ಹರಡಿತು. ಇಬ್ಬರೂ ಕಣ್ಣೀರು ಸುರಿಸುತ್ತ ಕೆಮ್ಮತೊಡಗಿದರು. ಸದ್ದಿಗೆ ಸ್ಟೇಶನ್ ಆಫೀಸರ್ ಬೋಪಣ್ಣ ಒಳಗೆ ಬಂದರು. ಮಿಲಿಟರಿಯಿಂದ ಬಂದ ಮನುಷ್ಯ. ನಿಯಮದ ಮುಂದೆ ದೇವರಿಗೂ ಸಲಾಮು ಹೊಡೆಯುವವರಲ್ಲ. ಎಲ್ಲ ಕೇಳಿಕೊಂಡು, ಕಪಾಟಿನಿಂದ ನಾಲ್ಕರ ಹಳೆ ಬಿಲ್ಲೆ ತೆಗೆದು ಕೆಂಪು ಬದಿಗೆ ತೂಗುಹಾಕಿಯೇಬಿಟ್ಟರು.

“ಸಾಹೇಬ್ರ, ಅಂವ ಸತ್ತಾನ್ರೀ!”

“ಗಾಡಿ ರಿಪೋರ್ಟ್ ಮಾಡ್ತಾ, ಇಲ್ವಾ? ನೀವು ಬರೋಬರ್ ಅಂದ್ರಾ, ಇಲ್ವಾ? ಸತ್ತವನು ರಿಪೋರ್ಟ್ ಮಾಡಬಾರದು ಅಂತ ಯಾವ ರೂಲಿನಲ್ಲಿದೆ, ತೋರಿಸಿ.”

ಬಿಂದುಮಾಧವನಿಗೆ ದೆವ್ವಕ್ಕಿಂತ ಕಲಾವತಿಯ ಭಯ ಹೆಚ್ಚಾಯಿತು. ರುದ್ರಪ್ಪನೋ, ಬದುಕಿದ್ದಾಗಿನ ಹಾಗೆಯೇ ಶಿಸ್ತಿನಿಂದ ರಿಪೋರ್ಟ್ ಕೊಡುತ್ತಲೇ ಇದ್ದ. ಸೀತಾಬರ್ಡಿಗೆ ಬಂದೆ ಎಂದ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, ಸ್ಟೇಶನ್ನಿನ ಗೇಟು ಕಾಣುತ್ತಿದೆ, ಆದರೆ ಎಷ್ಟು ಓಡಿಸಿದರೂ ಹತ್ತಿರ ಬರುತ್ತಿಲ್ಲ ಎಂದ. ವಸುಧಾ ಕಿಟಕಿಯಿಂದ ಇಣುಕಿದಳು. ಗೇಟಿನ ಆಚೆ ಬಿಸಿಲು ಮಾತ್ರ ನಡುಗುತ್ತಿತ್ತು. ಆಕೆ ಓಡಿಹೋಗಿ ಲಿಂಬೆಹಣ್ಣು ತಂದು ರೇಡಿಯೋಕ್ಕೆ ಕಟ್ಟಿದಳು. ಅದರಿಂದ ದನಿ ಇನ್ನಷ್ಟು ಸ್ಪಷ್ಟವಾಯಿತು.

ನಾಲ್ಕು ಗಂಟೆಗೆ ಪಾಳಿ ಬದಲಿಸಲು ವಿಜಯೇಂದ್ರ ಬಂದ. ಮೊನ್ನೆಯಷ್ಟೇ ಬೇರೆ ಊರಿನಿಂದ ವರ್ಗವಾಗಿ ಬಂದ ಹುಡುಗ. ಅವನಿಗೆ ರುದ್ರಪ್ಪನೂ ಗೊತ್ತಿಲ್ಲ, ಗುಜರಿಯೂ ಗೊತ್ತಿಲ್ಲ. ಹಲಗೆ ನೋಡಿ ತಲೆಯಾಡಿಸಿದ. “ನಾಲ್ಕು ನಂಬರ್ ಹೊರಗ ಐತಲ್ರೀ. ಅದು ಸೇರೂತನಕ ನಾ ಚಾರ್ಜ್ ತಗೊಳಂಗಿಲ್ಲ.” ಆ ಗಾಡಿಯ ಕತೆ ಹೇಳಿದರೆ ಅವನು ಮುಂದಿನ ರೈಲಿಗೇ ತಿರುಗಿ ಹೋದಾನೆಂದು ಯಾರೂ ಬಾಯಿ ಬಿಡಲಿಲ್ಲ. ಬೋಪಣ್ಣ ಚಹಾ ಕುಡಿಯಲು ಎದ್ದು ಹೋದರು, ವಸುಧಾ ಪಾಳಿ ಮುಗಿಸಿ ಮನೆಗೆ ಹೋದಳು.

ಕಷ್ಟ ಬಂದಾಗ ಒಳ್ಳೆಯವನಿಗೂ ಕಳ್ಳಬುದ್ಧಿ ಬರುತ್ತದೆ. ಬಿಂದುಮಾಧವ ಒಂದು ವಾಕಿಟಾಕಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಮೂಗು ಹಿಡಿದು, ರುದ್ರಪ್ಪನ ದನಿ ತೆಗೆದ: “ಕಂಟ್ರೋಲ್, ನಾಲ್ಕು ನಂಬರ್. ಸ್ಟೇಶನ್ ಸೇರೀನಿ.”

ಹೊರಗೆ ವಿಜಯೇಂದ್ರ “ಬರೋಬರ್” ಎಂದದ್ದು ಕೇಳಿಸಿತು. ಬಿಲ್ಲೆ ಹಸಿರು ಬದಿಯ ಮೊಳೆಗೆ ಟಣ್ ಎಂದು ತಾಗಿದ್ದೂ ಕೇಳಿಸಿತು. ಬಿಂದುಮಾಧವ ಉಸಿರು ಬಿಡುವಷ್ಟರಲ್ಲಿ ಕೈಯಲ್ಲಿದ್ದ ವಾಕಿಟಾಕಿ ಮೆಲ್ಲಗೆ ಮಾತಾಡಿತು.

“ಉಪಕಾರ ಆತ್ರಿ ಸಾಹೇಬ್ರ. ಒಳಗ ಬಂದೆ.”

ಆತ ಬಚ್ಚಲಿನಿಂದ ನೇರ ಸ್ಕೂಟರಿಗೆ ಓಡಿದ. ಒದ್ದರೂ ಒದ್ದರೂ ಅದು ಚಾಲೂ ಆಗಲಿಲ್ಲ. ಕೊನೆಗೆ ಅರ್ಧ ದಾರಿ ತಳ್ಳಿ, ಅರ್ಧ ದಾರಿ ಓಡಿಸಿ ಪ್ರತಾಪ ನಗರ ಮುಟ್ಟಿದಾಗ ಹೊತ್ತು ಮೀರಿತ್ತು. ಮನೆಯ ಮುಂದೆ ಓಣಿಯ ಮಂದಿಯೆಲ್ಲ ನೆರೆದಿತ್ತು. ಅಡಿಗೆಮನೆಯ ಕಿಟಕಿ ಕರ್ರಗಾಗಿತ್ತು, ಅಂಗಳದಲ್ಲಿ ನೀರು ನಿಂತಿತ್ತು.

ಹಿತ್ತಲ ಬಾಗಿಲಿನಿಂದ ನುಗ್ಗಿದವನನ್ನು ಕಲಾವತಿ ತೋಳು ಹಿಡಿದು ನಿಲ್ಲಿಸಿದಳು. “ಯಾರಿಗೂ ಏನೂ ಆಗಿಲ್ಲ. ಭಜಿ ಕರಿಯೂ ಎಣ್ಣಿಗೆ ಬೆಂಕಿ ಹತ್ತಿತ್ತು. ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಯಾರೋ ಹೊಸಾ ಹುಡುಗ, ‘ನಾಲ್ಕು ನಂಬರ್ ಖಾಲಿ ಐತ್ರಿ, ಕಳಸ್ತೀನಿ’ ಅಂದ. ಫೋನ್ ಇಡೂದ್ರಾಗ ಗಾಡಿ ಬಾಗಲದಾಗ!”

“ನಾಲ್ಕು ನಂಬರ್?” ಎಂದ ಬಿಂದುಮಾಧವ.

“ಹೂಂ. ಬಿಳಿ ಮೀಸಿ ಹಿರ್ಯಾರೊಬ್ಬರೇ ಬಂದಿದ್ರು. ನೀರು ಕೊಟ್ರ ಕುಡೀಲಿಲ್ಲ. ಇಷ್ಟು ಧಗಿಯೊಳಗೂ ಅವರ ಕೈ ಎಷ್ಟು ತಣ್ಣಗ ಇದ್ವು ಅಂತೀರಿ!” ಆಮೇಲೆ ಕಲಾವತಿ ದನಿ ತಗ್ಗಿಸಿದಳು. “ಬೈಬ್ಯಾಡ್ರಿ. ಹುಡುಗಿ ಅಪ್ಪ ಅಗ್ನಿದಳದಾಗ ಅದಾರ, ಈಗ ಬರ್ತಾರ ಅಂತ ಬೀಗರಿಗೆ ಹೇಳಿದ್ದೆ. ಖಾಕಿ ಹಾಕ್ಕೊಂಡು, ಕನ್ನಡ ಮಾತಾಡ್ಕೊಂತ ಬಂದು ಬೆಂಕಿ ಆರಿಸಿದವರನ್ನ ನೋಡಿ ಅವರನ್ನ ನೀವಂತ ತಿಳಕೊಂಡ್ರು. ನೋಡಿದ ಕೂಡ್ಲೇ ಸಂಬಂಧ ಒಪ್ಪಿಕೊಂಡ್ರು. ಮೂರನೇ ಸಂಬಂಧ ರೀ. ನಾ ಅಲ್ಲ ಅನ್ನಲಿಲ್ಲ.”

ಪಡಸಾಲೆಯಿಂದ ಗಂಡಿನ ತಂದೆ ಪಾಂಡುರಂಗರಾಯರು ಕೇಳಿದರು: “ಯಾರು ಬಂದ್ರು?”

“ನಮ್ಮನಿಯವರ ಆಫೀಸಿನವರ್ರಿ,” ಎಂದಳು ಕಲಾವತಿ.

ಬಿಂದುಮಾಧವ ತನ್ನ ಮನೆಯ ಪಡಸಾಲೆಯಲ್ಲಿ ಅಂಚಿನ ಕುರ್ಚಿಯ ಮೇಲೆ ಕೂತ. ಮೃದುಲಾ ಚಹಾ ತಂದಳು. ತಾಯಿಯ ಕಡೆ ಒಮ್ಮೆ ನೋಡಿ, ಕೆಂಪಗಾಗಿ, “ತಗೋರಿ ಕಾಕಾ,” ಎಂದಳು. ಮಗಳ ಬಾಯಲ್ಲಿ ಆ ಮಾತು ಕೇಳಿ ಅವನಿಗೆ ಅಳು ಬರುವಂತಾಯಿತು.

“ನೀವು ಅಲ್ಲಿ ಏನು ಕೆಲಸ ಮಾಡ್ತೀರಿ?” ಎಂದರು ರಾಯರು.

“ರೇಡಿಯೋ ಮುಂದ ಕೂತಿರ್ತೀನ್ರಿ.”

“ಹಾಂ, ಕೂತು ಮಾಡೋ ಕೆಲಸ. ಮತ್ತ ನಮ್ಮ ಬೀಗರನ್ನ ನೋಡ್ರಿ! ಬೆಂಕಿಯೊಳಗ ಹೊಕ್ಕು ಬಂದ್ರು, ಮೈಮ್ಯಾಲ ಒಂದು ಹನಿ ಬೆವರಿಲ್ಲ. ನಾ ಕೈಮುಗದು ಕೇಳಿದೆ, ಮಗಳನ್ನ ಧಾರೆ ಎರದು ಕೊಡಾಕ ನೀವ ಇರಬೇಕು ಅಂತ. ‘ಯಾರರ ರೇಡಿಯೋದಾಗ ಕರದ್ರ ಸಾಕು, ಬರ್ತೀನಿ’ ಅಂತ ಮಾತು ಕೊಟ್ಟು ಹ್ವಾದ್ರು.”

ಬಿಂದುಮಾಧವ ಚಹಾದ ಬಸಿ ಕೆಳಗಿಟ್ಟ. ರಾಯರು ಎದ್ದು ಬಂದು ಆತನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

“ನಿಮ್ಮಿಂದ ಒಂದು ಉಪಕಾರ ಆಗಬೇಕು. ಮದುವಿ ದಿನ ನೀವು ಮಾತ್ರ ರಜಾ ತಗೋಬ್ಯಾಡ್ರಿ. ರೇಡಿಯೋ ಮುಂದ ಕೂತು, ಅವರನ್ನ ಕರದು, ತಪ್ಪದ ಕಳಿಸಿಕೊಡ್ರಿ.”

ಕಲಾವತಿ ಬಾಗಿಲ ಸಂದಿಯಿಂದ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬಿಂದುಮಾಧವ ಒಮ್ಮೆ ಮಗಳ ಮುಖ ನೋಡಿದ.

“ಬರೋಬರ್,” ಎಂದ.