ಸವೆದ ಬ್ರೇಕ್ ಶೂಗಳ ಹಾರ

ಆಲ್ಕೊಳದಲ್ಲಿ ನನ್ನದೊಂದು ಸ್ಕೂಟರ್ ಗ್ಯಾರೇಜು. ಬ್ರೇಕ್ ಪೂರ್ತಿ ಸವೆದ ಮೇಲೆ ಗಾಡಿ ತರುವವರು ವಾರಕ್ಕೊಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಬುದ್ಧಿ ಬರಲಿ ಎಂದು ಅವರ ಹಳೇ ಬ್ರೇಕ್ ಶೂಗಳನ್ನು ತಂತಿಗೆ ಪೋಣಿಸಿ, ಯಾರದೆಂದು ಚೀಟಿ ಕಟ್ಟಿ ಗೋಡೆಗೆ ನೇತುಹಾಕುತ್ತಿದ್ದೆ. ಆಗ ಎಷ್ಟು ಜಂಬ ನನಗೆ!

ಮೇಷ್ಟ್ರ ಚಪ್ಪಲಿ

ನಿವೃತ್ತ ಮೇಷ್ಟ್ರೊಬ್ಬರು ಗಾಡಿಗೆ ಗಾಳಿ ಹೊಡೆಸಲು ಬಂದವರು, "ಈಗಿನ ಚಪ್ಪಲಿ ಮೂರು ತಿಂಗಳೂ ಬರಲ್ಲ ಕಣ್ರೀ" ಎಂದರು. ನೋಡಿದರೆ ಗಾಡಿಯನ್ನು ಕಾಲು ಊರಿಯೇ ನಿಲ್ಲಿಸುತ್ತಿದ್ದರು. ಬೈದು, ಹೊಸ ಬ್ರೇಕ್ ಶೂ ಹಾಕಿ ಕಳಿಸಿದೆ. ಮರುದಿನವೇ ವಾಪಸು ಬಂದರು.

"ಏನೋ ಕೆಡಿಸಿದ್ದೀರಿ. ಬ್ರೇಕ್ ಹಿಡಿದ ತಕ್ಷಣ ಗಾಡಿ ನಿಂತುಬಿಡುತ್ತೆ!"

ನಿಂಬೆಹಣ್ಣು

ಆಯುಧಪೂಜೆಯ ದಿನ ಹೊಳೆಹೊನ್ನೂರಿನ ಅಡಿಕೆ ವ್ಯಾಪಾರಿಯೊಬ್ಬರು ಬೈಕು ತಂದರು. ಬ್ರೇಕ್ ಹಿಡಿದು ನೋಡಿದೆ, ಏನೂ ಉಳಿದಿರಲಿಲ್ಲ. "ಮೊದಲು ಪೂಜೆ, ಆಮೇಲೆ ರಿಪೇರಿ" ಎಂದು ಹಟ ಹಿಡಿದರು. ಚಕ್ರದ ಮುಂದೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಿ ನಿಲ್ಲಿಸಿ ಎಂದೆ. ಬೈಕು ನಿಂಬೆಹಣ್ಣು ದಾಟಿತು, ಒಡೆದ ಬೂದುಗುಂಬಳಕಾಯಿಯನ್ನೂ ದಾಟಿ, ಎದುರಿನ ಹೂವಿನವಳ ಬುಟ್ಟಿಯೊಳಗೆ ನಿಂತಿತು.

ತಲೆ ತುಂಬ ಸೇವಂತಿಗೆ ಹೊತ್ತುಕೊಂಡೇ ಹೇಳಿದರು: "ದೃಷ್ಟಿ ಜೋರಾಗೇ ಬಿದ್ದಿದೆ ಮಾರಾಯ, ಇನ್ನೊಂದು ನಿಂಬೆಹಣ್ಣು ಇಡು."

ಕೊನೆಯ ಚೀಟಿ

ಆ ಆಯುಧಪೂಜೆಯ ದಿನವೇ ನನ್ನ ಹೆಂಡತಿ ಹೇಳಿದ್ದಳು: "ರೀ, ನನ್ನ ಸ್ಕೂಟರ್ ಬ್ರೇಕ್ ಹಿಡಿದ್ರೆ ಕಿರ್ ಅನ್ನುತ್ತೆ."

"ಹಬ್ಬ ಮುಗೀಲಿ ಮಾರಾಯ್ತಿ, ನೋಡ್ತೀನಿ" ಎಂದು ಕೇಬಲ್ಲಿನ ನಟ್ಟು ಎರಡು ಸುತ್ತು ಬಿಗಿ ಮಾಡಿ ಕೊಟ್ಟೆ. ಗಿರಾಕಿಗಳು ಶೂ ಬದಲಿಸದೆ ಬರೀ ನಟ್ಟು ಬಿಗಿ ಮಾಡಿಕೊಡಿ ಎಂದರೆ ಅಟ್ಟಿಸಿಕೊಂಡು ಹೋಗುವವನು ನಾನು. ಹಬ್ಬ ಮುಗಿಯಿತು. ಅವಳು ಇನ್ನೂ ಎರಡು ಸಲ ನೆನಪಿಸಿದಳು, ನಾನು ಇನ್ನೂ ಎರಡು ಸಲ ನಟ್ಟು ತಿರುಗಿಸಿದೆ.

ಅವಳು ಕೋಟೆ ಹತ್ತಿರದ ಟೈಲರ್ ಅಂಗಡಿಯಲ್ಲಿ ರವಿಕೆ ಕತ್ತರಿಸುವವಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಸುವೊಂದು ಅಡ್ಡ ಬಂತು, ಗಾಡಿ ನಿಲ್ಲಲಿಲ್ಲ. ಹಸುವನ್ನು ತಪ್ಪಿಸಲು ಹೋಗಿ ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ದೀಪಾವಳಿಯ ಹೊಲಿಗೆ ಸೀಸನ್ನಿನಲ್ಲಿ ಕತ್ತರಿ ಹಿಡಿಯಲಾಗದೆ ಮನೆಯಲ್ಲಿ ಕೂತಳು. ನಾನು ಕಲಸಿಕೊಟ್ಟ ಅನ್ನ ತಿನ್ನುವಾಗಲೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಒಂದು ದಿನ ಗ್ಯಾರೇಜಿಗೆ ಬಂದಳು. ತನ್ನ ಸ್ಕೂಟರಿನಿಂದ ನಾನು ಬಿಚ್ಚಿಟ್ಟಿದ್ದ ಶೂವನ್ನು ಕೇಳಿ ತೆಗೆದುಕೊಂಡು, ಎಡಗೈಯಲ್ಲಿ ಚೀಟಿ ಬರೆದು, ಹಾರದ ಮಧ್ಯಕ್ಕೆ ತಾನೇ ತೂಗುಹಾಕಿದಳು. ಅಕ್ಷರ ಸೊಟ್ಟಗಿದ್ದರೂ ರಸ್ತೆಗೇ ಕಾಣುವಷ್ಟು ದೊಡ್ಡದಾಗಿತ್ತು: "ಮೆಕ್ಯಾನಿಕ್ ಹೆಂಡತಿ".

ಮೇಷ್ಟ್ರು ಅದನ್ನು ಓದಿದ ದಿನದಿಂದ ನಾನು ಯಾರನ್ನೂ ಬೈದಿಲ್ಲ. ತಡೆಯಲಾರದೆ ಅವಳನ್ನೇ ಬೇಡಿಕೊಂಡೆ: "ತಪ್ಪಾಯ್ತು. ಅದೊಂದು ಚೀಟಿ ತೆಗೆದುಬಿಡೇ."

"ಹಬ್ಬ ಮುಗೀಲಿ, ತೆಗೀತೀನಿ" ಎಂದಳು.

ದೀಪಾವಳಿ, ಸಂಕ್ರಾಂತಿ, ಯುಗಾದಿ ಎಲ್ಲ ಮುಗಿದವು. ಚೀಟಿ ಇನ್ನೂ ಅಲ್ಲೇ ಇದೆ.