ಮಾವನ ಕೈಯೊಳಗಿನ ಕರೆಂಟು

ನಮ್ಮ ಸೋದರಮಾವನಿಗೆ ಮನುಷ್ಯರ ಮೇಲೆ ನಂಬಿಕೆಯಿಲ್ಲ. ಇದ್ದರೆ ಮೋಟರುಗಳ ಮೇಲೆ ಮಾತ್ರ! ಲಕ್ಷ್ಮೇಶ್ವರದಲ್ಲಿ ಅವನದು ಸುಟ್ಟ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ. ಓಡುವ ಮೋಟರಿಗೆ ಕಿವಿ ಹಚ್ಚಿ "ಬೇರಿಂಗ್ ಹೋಗೇತಿ" ಅಂತಾನೆ. ಒಮ್ಮೆ ಅತ್ತೆಯ ಗೊರಕೆ ಕೇಳಿಯೂ ಹಾಗೇ ಅಂದು, ಮೂರು ದಿನ ತಂಗಳು ರೊಟ್ಟಿ ತಿಂದ. ಆ ಗೊರಕೆಯನ್ನು ಓಣಿ ತುಂಬ ಮಿಮಿಕ್ರಿ ಮಾಡಿದ ನನಗೆ ತಂಗಳೂ ಸಿಗಲಿಲ್ಲ!

ಇಂಥವನ ಬಲಗೈಯಿಂದ ಈಚೆಗೆ ತಂತಿ ಜಾರತೊಡಗಿತು. ಗದಗಿನ ಡಾಕ್ಟರಮ್ಮ "ಸ್ನಾಯುವಿಗೆ ಸೂಜಿ ಚುಚ್ಚಿ ಒಳಗಿನ ಕರೆಂಟ್ ನೋಡಬೇಕು" ಎಂದದ್ದೇ ತಡ, ಮಾವ ಹಿಗ್ಗಿ ಹೀರೇಕಾಯಿ!

"ನೋಡಲೇ, ನಾ ಮೋಟರಿಗೆ ಮಾಡೋ ಟೆಸ್ಟಿಂಗ್ ಈಗ ನನಗs ಮಾಡ್ತಾರ!" ಗದಗಿನ ಬಸ್ಸಿನ ಕಂಡಕ್ಟರನಿಗೂ ಖಬರ ಮುಟ್ಟಿತು.

ಆಸ್ಪತ್ರೆಯ ಮಂಚದ ಮೇಲೆ ಮಲಗಿದವನ ಮೊದಲ ಪ್ರಶ್ನೆ: "ಅರ್ಥಿಂಗ್ ಕೊಟ್ಟೀರೇನ್ರೀ?"

ಡಾಕ್ಟರಮ್ಮ ತೋಳಿಗೆ ಅಂಟಿಸಿದ್ದ ಪಟ್ಟಿ ತೋರಿಸಿದರು. "ಇದs ಅರ್ಥಿಂಗ್, ಕಾಕಾರ."

"ಭೇಷ್! ಆದ್ರ ಮೊದಲ ಚೊಲೋ ಮೋಟರಿನ ಸಪ್ಪಳ ಕೇಳಬೇಕ್ರಿ. ಈ ನಮ್ಮ ಅಳಿಯಗ ಚುಚ್ಚರಿ. ಇವನ ಕೈ ಒಮ್ಮೆನೂ ಕೆಲಸಾ ಮಾಡಿಲ್ಲ, ಶೋರೂಮ್ ಪೀಸ್!"

ನಾನಾಗಲೇ ಬಾಗಿಲ ಹೊರಗೆ! ಡಾಕ್ಟರಮ್ಮ ನಗುತ್ತ ಅವನ ಎಡಗೈಗೇ ಸೂಜಿ ಇಟ್ಟು, "ಬೆರಳು ಅಗಲಿಸ್ರಿ" ಎಂದರು. ಯಂತ್ರದಿಂದ ತಗಡಿನ ಮೇಲೆ ಮಳೆ ಬಿದ್ದಂತೆ ಭರ್ರ್ ಎಂಬ ಸಪ್ಪಳ!

"ಕೇಳಿದೇನಲೇ? ಹತ್ತು ಎಚ್‌ಪಿ!"

ನಾನು ಮೆಲ್ಲಗೆ ಒಳಗೆ ಬಂದೆ. ಆಮೇಲೆ ಬಲಗೈ. ಟಪ್... ಟಪ್.

"ಜೋರ್ ಮಾಡ್ರಿ."

"ಜೋರs ಮಾಡಾಕತ್ತೇನ್ರಿ." ಹಣೆಯ ಮೇಲೆ ಬೆವರು. ಟಪ್.

ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯಂತ್ರದ ಕಡೆ ನೋಡುತ್ತ ಕೇಳಿದ: "ಸುಟ್ಟೈತೇನ್ರಿ?"

"ಇಲ್ರಿ. ಮೊಣಕೈ ಹತ್ರ ನರ ಒತ್ತೈತಿ. ಆಪರೇಶನ್ ಮಾಡಿ ಬಿಡಿಸಿದರ ಸುಧಾರಿಸಬಹುದು. ಮೊದಲಿನಂಗ ತಂತಿ ಸುತ್ತತೀರೋ ಇಲ್ಲೋ, ಈಗs ಹೇಳಾಕ ಆಗೂದಿಲ್ಲ."

ಮಾವ ಎದ್ದು ಅಂಗಿ ತೊಟ್ಟ. ದಾರದಂಥ ತಾಮ್ರದ ತಂತಿಯನ್ನು ಕಣ್ಣುಮುಚ್ಚಿ ಮೋಟರಿನ ಸಂದಿಗೆ ಕೂರಿಸುತ್ತಿದ್ದ ಬೆರಳಿಗೆ ಗುಂಡಿ ಸಿಗಲಿಲ್ಲ. ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಕೈ ಹಾಕಿದರೆ ಬೈಯುತ್ತಾನೆಂದು ನಾನು ಗೋಡೆ ನೋಡುತ್ತ ನಿಂತೆ.

ಅಂಗಿಯ ಸರಬರ ಸಪ್ಪಳ ನಿಂತಿತೆಂದು ತಿರುಗಿದರೆ, ಎರಡೂ ಕೈ ಇಳಿಬಿಟ್ಟು, ಶಾಲೆಗೆ ಹೊರಟ ಹುಡುಗನ ಹಾಗೆ ನನ್ನೆದುರು ಎದೆಯೊಡ್ಡಿ ನಿಂತಿದ್ದ.

"ಹಾಕು ಲೇ," ಅಂದ. "ಮ್ಯಾಲಿಂದ ಹಾಕ್ಕೋತ ಬಾ."